ಏರುವಾಗ ಉಸಿರು, ಇಳಿಯುವಾಗ ಪ್ರಾಣ

ಸೈಕಲು ತುಳಿದು ಅಭ್ಯಾಸವಿರುವ ಯಾರಿಗೂ ಚಡಾವು ಎಂದರೇನೆಂದು ವಿವರಿಸಬೇಕಾಗಿಲ್ಲ. ನಮ್ಮ ಕಾಸರಗೋಡಿನಲ್ಲಿ ಸಮತಟ್ಟಾದ ರಸ್ತೆ ಏನಿದ್ದರೂ ಕಡಲ ಬದಿಗೆ. ಮೂಡಣ ದಿಕ್ಕಿಗೆ ಮುಖ ಮಾಡಿದರೆ ಗುಡ್ಡೆ ಏರಲೇಬೇಕು, ಏರಿದ್ದನ್ನು ಇಳಿಯಲೇಬೇಕು. ಚಡಾವು ಬಂದಾಗ ಸೈಕಲಿನಿಂದ ಇಳಿದು ನೂಕಿಕೊಂಡು ಹೋಗುವುದರಲ್ಲಿ ನಮ್ಮ ಹಿರಿಯರು ಯಾವ ನಾಚಿಕೆಯನ್ನೂ ಕಂಡವರಲ್ಲ. ಅದೇ ಹುಡುಗರು ಮರಳಿ ಬರುವಾಗ ನೋಡಬೇಕು! ಪೆಡಲು ಬಿಟ್ಟು, ಕಾಲು ಚಾಚಿ, ಅಂಗಿಯೊಳಗೆ ಗಾಳಿ ತುಂಬಿಸಿಕೊಂಡು, ಗಂಟೆ ಬಾರಿಸುತ್ತಾ ಬರುತ್ತಾರೆ. ಏರುವುದು ಕಷ್ಟ, ಇಳಿಯುವುದು ಅದಕ್ಕೆ ಸಿಗುವ ಬಹುಮಾನ ಎಂಬುದೇ ಎಲ್ಲರ ಎಣಿಕೆ. ಆದರೆ ಬೆಟ್ಟದ ರಸ್ತೆಗಳಲ್ಲಿ ಸೈಕಲು ಓಡಿಸಿಯೇ ಹೊಟ್ಟೆ ಹೊರೆದವರ ಅನುಭವವನ್ನು ಕೇಳಿದರೆ ಈ ಎಣಿಕೆ ತಲೆಕೆಳಗಾಗುತ್ತದೆ.

ಅಂತಹ ಅನುಭವ ನೂರಕ್ಕೂ ಮಿಕ್ಕಿ ವರ್ಷಗಳಿಂದ ಕೂಡಿಬಂದಿರುವುದು ಫ್ರಾನ್ಸ್ ದೇಶದ ಪ್ರಸಿದ್ಧ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನಲ್ಲಿ. 1903ರಲ್ಲಿ ಇದನ್ನು ಆರಂಭಿಸಿದ್ದು ಒಂದು ಪತ್ರಿಕೆ. ‘ಲೋತೊ’ ಎಂದು ಅದರ ಹೆಸರು. ಪ್ರತಿಗಳು ಹೆಚ್ಚು ಖರ್ಚಾಗಲೆಂಬುದೇ ಅದರ ಉದ್ದೇಶ. ಪತ್ರಿಕೆ ನಡೆಸುವವರ ಪಾಡು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಒಂದೇ ಎಂದು ನಾವು ಇಲ್ಲಿ ನಿಟ್ಟುಸಿರು ಬಿಟ್ಟರೆ ಓದುಗರು ಕ್ಷಮಿಸಬೇಕು.

ಫ್ರಾನ್ಸಿಗೂ ಸ್ಪೇನಿಗೂ ನಡುವೆ ನಿಂತಿರುವ ಪಿರೆನೀಸ್ ಪರ್ವತಗಳಿಗೆ ಪಂದ್ಯವನ್ನು ಹತ್ತಿಸಿದ್ದು 1910ರಲ್ಲಿ. ದಾರಿ ನೋಡಿ ಬರಲು ಪತ್ರಿಕೆಯ ಅಲ್ಫೋನ್ಸ್ ಸ್ತೇನೆಸ್ ಎಂಬವರು ಹೋದರು. ತೂರ್ಮಲೆ ಎಂಬ ಕಣಿವೆದಾರಿಯ ನೆತ್ತಿ ಸಮುದ್ರಮಟ್ಟದಿಂದ 2115 ಮೀಟರ್ ಎತ್ತರ. ಹಿಮದಲ್ಲಿ ಕಾರು ಮುಂದೆ ಹೋಗಲಿಲ್ಲ. ಸ್ತೇನೆಸ್ ಕತ್ತಲಲ್ಲಿ ನಡೆದರು, ಜಾರಿ ಬಿದ್ದರು, ಸತ್ತೇ ಹೋದರೇನೋ ಎಂದು ಊರವರು ಹುಡುಕಿಕೊಂಡು ಹೊರಡುವಂತಾಯಿತು. ಹೇಗೋ ಆಚೆ ಬದಿಯ ಊರು ಸೇರಿದವರು ಮಾಡಿದ್ದೇನು? ತೂರ್ಮಲೆ ದಾಟಿದೆ, ರಸ್ತೆ ಬಹಳ ಚೆನ್ನಾಗಿದೆ ಎಂದು ಸಂಪಾದಕರಿಗೆ ತಂತಿ ಕಳುಹಿಸಿದರು! ಪತ್ರಿಕಾ ಇತಿಹಾಸದಲ್ಲಿ ಇಷ್ಟು ಧೈರ್ಯದ ಸುಳ್ಳು ಅಪರೂಪ.

ಆ ಸುಳ್ಳಿನ ಬೆಲೆ ತೆತ್ತವರು ಸವಾರರು. ಅದೇ ವರ್ಷ ಜುಲೈ 21ರಂದು ಒಂದೇ ದಿನದಲ್ಲಿ 326 ಕಿಲೋಮೀಟರು, ಅದರಲ್ಲಿ ನಾಲ್ಕು ದೊಡ್ಡ ಬೆಟ್ಟಗಳು. ರಸ್ತೆಯೆಂದರೆ ದನ ಹೊಡೆಯುವ ಕಲ್ಲುದಾರಿ. ಸೈಕಲಿಗೆ ಇಂದಿನಂತೆ ಹತ್ತಾರು ಗೇರುಗಳಿಲ್ಲ. ಹಿಂಚಕ್ರದ ಎರಡು ಬದಿಗೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರಗಳು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಕಳಚಿ, ತಿರುಗಿಸಿ ಹಾಕಬೇಕು. ನೆತ್ತಿಯಲ್ಲಿ ಮತ್ತೆ ಅದೇ ಕೆಲಸ. ಸವಾರಿಯ ನಡುವೆಯೇ ಚೈನನ್ನು ದಾಟಿಸುವ ಗೇರು ಆಗಲೇ ಬಳಕೆಗೆ ಬಂದಿದ್ದರೂ ಈ ಪಂದ್ಯದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಆ ದಿನ ಹೆಚ್ಚಿನವರು ನಮ್ಮ ಹಿರಿಯರಂತೆಯೇ ಸೈಕಲು ನೂಕಿಕೊಂಡು ತೂರ್ಮಲೆ ಹತ್ತಿದರು. ಕೆಳಗಿಳಿಯದೆ ತುಳಿದೇ ಏರಿದ ಗುಸ್ತಾವ್ ಗಾರಿಗು ಎಂಬವರಿಗೆ ನೂರು ಫ್ರಾಂಕುಗಳ ವಿಶೇಷ ಬಹುಮಾನ ದೊರೆಯಿತು. ಮುಂದೆ ಓಬಿಸ್ಕ್ ಬೆಟ್ಟದಲ್ಲಿ ಆಕ್ತಾವ್ ಲಾಪಿಜ್ ಎಂಬವರು ಪಂದ್ಯದ ಅಧಿಕಾರಿಗಳನ್ನು ಕಂಡು, ನೀವು ಕೊಲೆಗಡುಕರು ಎಂದು ಕೂಗಿಯೇ ಬಿಟ್ಟರು. ಆ ದಿನವನ್ನೂ ಆ ವರ್ಷದ ಪಂದ್ಯವನ್ನೂ ಗೆದ್ದವರು ಅವರೇ.

ಇಷ್ಟೂ ಏರುವ ಕಥೆ. ಏರುವುದರಲ್ಲಿ ಒಂದು ನ್ಯಾಯವಿದೆ. ನೂರು ಮೀಟರಿಗೆ ಎಂಟು ಮೀಟರಿನಷ್ಟು ಮೇಲೇರುವ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ ತುಳಿಯುವವನ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ತನ್ನದೇ ಭಾರವನ್ನು ಮೇಲೆತ್ತುವುದಕ್ಕೆ ಹೋಗುತ್ತದೆ. ಆದುದರಿಂದಲೇ ಬೆಟ್ಟ ಗೆಲ್ಲುವವರು ಸಾಮಾನ್ಯವಾಗಿ ಒಣಕಲು ದೇಹದವರು. ಮೈ ಸೋತಿತೋ, ಚಕ್ರ ನಿಲ್ಲುತ್ತದೆ, ಕಾಲು ಕೆಳಗಿಟ್ಟರಾಯಿತು. ಏರುವಾಗಲೂ ಸತ್ತವರಿಲ್ಲವೆಂದಲ್ಲ. 1967ರ ಜುಲೈ 13ರಂದು ಬ್ರಿಟನ್ನಿನ ಟಾಮ್ ಸಿಂಪ್ಸನ್ ವಾಂತೂ ಬೆಟ್ಟದ ನೆತ್ತಿಯ ಸಮೀಪ ಸುಡುಬಿಸಿಲಲ್ಲಿ ಕುಸಿದು ತೀರಿಕೊಂಡರು. ಆದರೆ ಅಲ್ಲಿ ಬಿಸಿಲಿನ ಜೊತೆಗೆ ಉದ್ರೇಕಕಾರಿ ಮಾತ್ರೆಯೂ ಮದ್ಯವೂ ಸೇರಿತ್ತು. ದೇಹ ಸಾಕು ಎಂದು ಹೇಳುವ ಮಾತು ಕೇಳದಂತೆ ಮಾಡುವುದೇ ಆ ಮಾತ್ರೆಯ ಕೆಲಸ.

ಇಳಿಜಾರಿನಲ್ಲಿ ಸಾಕು ಎನ್ನುವವರೇ ಇಲ್ಲ. ಅದೇ ರಸ್ತೆಯನ್ನು ಪೆಡಲು ಮುಟ್ಟದೆ ಇಳಿದರೂ ಸೈಕಲು ಗಂಟೆಗೆ 60 ಕಿಲೋಮೀಟರು ಮೀರುತ್ತದೆ. ಪಂದ್ಯದ ಸವಾರರು ಬಾಗಿ ಮುದುರಿ 80, 90, ಕೆಲವೊಮ್ಮೆ 100ರ ತನಕ ಹೋಗುತ್ತಾರೆ. 72 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 20 ಮೀಟರು. ತಿರುವಿನಾಚೆ ಒಂದು ದನ ಕಂಡಿತೆಂದು ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದಾರಿ ಮುಗಿದಿರುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಮಡಿ. ಇಷ್ಟಕ್ಕೆಲ್ಲ ಆಧಾರ ಮೂರು ಬೆರಳಗಲವೂ ಇಲ್ಲದ ಎರಡು ಟೈರುಗಳು.

1913ರ ಪಂದ್ಯದಲ್ಲಿ ಯೂಜೀನ್ ಕ್ರಿಸ್ತೋಫ್ ತೂರ್ಮಲೆಯನ್ನು ಏರಿ ಮುಗಿಸಿದ್ದರು. ಗೆಲುವು ಕೈಗೆಟುಕುವಂತಿತ್ತು. ಇಳಿಯುವಾಗ ಮುಂಚಕ್ರವನ್ನು ಹಿಡಿದಿರುವ ಫೋರ್ಕು ಮುರಿಯಿತು. ಬೇರೆ ಸೈಕಲು ಪಡೆಯುವಂತಿಲ್ಲ, ಇನ್ನೊಬ್ಬರ ಸಹಾಯವನ್ನೂ ಪಡೆಯುವಂತಿಲ್ಲ. ಅಂದಿನ ನಿಯಮ ಹಾಗೆ. ಮುರಿದ ಸೈಕಲನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಸೇಂತ್ ಮಾರಿ ದ ಕಾಂಪಾಂ ಎಂಬ ಹಳ್ಳಿಗೆ ಬಂದು ಕಮ್ಮಾರನ ಕುಲುಮೆ ಹುಡುಕಿದರು. ಕಮ್ಮಾರ ಬಾಯಲ್ಲಿ ಹೇಳಬಹುದು, ಕೈ ಹಚ್ಚಬಾರದು. ಪಂದ್ಯದ ಅಧಿಕಾರಿಗಳು ಕಾವಲು ನಿಂತಿದ್ದರು. ಕಬ್ಬಿಣ ಕಾಯಿಸಿ, ಬಡಿದು, ಬೆಸೆದು, ಮೂರು ಗಂಟೆಯಷ್ಟು ಹೊತ್ತು ಕೆಲಸ ಮಾಡಿ ಫೋರ್ಕನ್ನು ತಾವೇ ಸರಿಪಡಿಸಿದರು. ಎರಡು ಕೈಯೂ ಕಬ್ಬಿಣದಲ್ಲಿ ಸಿಕ್ಕಿಕೊಂಡಿದ್ದಾಗ ಒಬ್ಬ ಹುಡುಗ ತಿದಿ ಒತ್ತಿಕೊಟ್ಟ. ಅದಕ್ಕೆ ದಂಡವೆಂದು ಅವರ ಲೆಕ್ಕಕ್ಕೆ ಮತ್ತಷ್ಟು ನಿಮಿಷ ಸೇರಿಸಿದರು! ನಿಯಮ ಎಂಬುದು ಎಷ್ಟು ಕುರುಡಾಗಬಹುದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆದರೂ ಅವರು ಪಂದ್ಯ ಬಿಡಲಿಲ್ಲ, ಒಟ್ಟಾರೆ ಏಳನೆಯವರಾಗಿ ಮುಗಿಸಿದರು. 1919ರಲ್ಲಿ ಮುಂದಾಳುವಿನ ಹಳದಿ ಅಂಗಿಯನ್ನು ಚರಿತ್ರೆಯಲ್ಲೇ ಮೊದಲು ತೊಟ್ಟವರು ಇವರು. ಆ ವರ್ಷವೂ ಫೋರ್ಕು ಮುರಿಯಿತು, ಈ ಬಾರಿ ಬೆಟ್ಟದಲ್ಲಲ್ಲ, ಉತ್ತರ ಫ್ರಾನ್ಸಿನ ಕಲ್ಲುಹಾಸಿನ ರಸ್ತೆಯಲ್ಲಿ. ಪಂದ್ಯವನ್ನು ಅವರು ಒಮ್ಮೆಯೂ ಗೆಲ್ಲಲಿಲ್ಲ. ಆ ಕುಲುಮೆಯ ಊರಿನಲ್ಲಿ ಅವರ ನೆನಪಿನ ಫಲಕವಿದೆ.

ಹಳದಿ ಅಂಗಿಯ ಮಾತು ಬಂದಾಗ 1951ರ ವಿಮ್ ಫಾನ್ ಎಸ್ಟ್ ಅವರನ್ನು ಬಿಡುವಂತಿಲ್ಲ. ಆ ಅಂಗಿ ತೊಟ್ಟ ಮೊದಲ ಹಾಲೆಂಡಿನವರು ಅವರು. ಮಾರನೆಯ ದಿನವೇ ಓಬಿಸ್ಕ್ ಇಳಿಯುವಾಗ ತಿರುವು ತಪ್ಪಿ ಸುಮಾರು 70 ಮೀಟರು ಆಳದ ಕಮರಿಗೆ ಉರುಳಿದರು. ಮೇಲೆತ್ತಲು ಇದ್ದ ಹಗ್ಗ ಸಾಲದೆ, ತಂಡದವರು ಬದಲಿಗೆಂದು ತಂದಿದ್ದ ಟೈರುಗಳನ್ನೆಲ್ಲ ಒಂದಕ್ಕೊಂದು ಗಂಟುಹಾಕಿ ಇಳಿಬಿಟ್ಟು ಎಳೆದರು. ಮನುಷ್ಯ ಬದುಕಿ ಬಂದ. ಟೈರುಗಳು ಎಳೆದಾಡಿ ಕೆಟ್ಟು ಹೋಗಿ ಇಡೀ ತಂಡವೇ ಪಂದ್ಯದಿಂದ ಹಿಂದೆ ಸರಿಯಿತು.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 1935ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಸೆಪೇಡಾ ಗಲಿಬಿಯೆ ಬೆಟ್ಟ ಇಳಿಯುವಾಗ ಬಿದ್ದು ತೀರಿಕೊಂಡರು. 1995ರ ಜುಲೈ 18ರಂದು ಇಟಲಿಯ ಫಾಬಿಯೊ ಕಸಾರ್ತೆಲ್ಲಿ ಪೋರ್ತೆ ದಾಸ್ಪೆ ಇಳಿಜಾರಿನಲ್ಲಿ ಬಿದ್ದರು. ರಸ್ತೆಯಂಚಿನ ಕಾಂಕ್ರೀಟು ಕಲ್ಲಿಗೆ ತಲೆ ಬಡಿಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಆ ತರುಣನಿಗೆ ಆಗ 24 ವರ್ಷ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಮಾರನೆಯ ದಿನ ಯಾರೂ ಸ್ಪರ್ಧಿಸಲಿಲ್ಲ. ಎಲ್ಲರೂ ಶವಯಾತ್ರೆಯಂತೆ ನಿಧಾನವಾಗಿ ಸಾಗಿ, ಗುರಿಯ ಗೆರೆಯನ್ನು ಅವರ ತಂಡದವರು ಮೊದಲು ದಾಟಲು ಬಿಟ್ಟರು.

ಹೆಲ್ಮೆಟ್ಟಿನ ಕಥೆಯೂ ವಿಚಿತ್ರವೇ. 1991ರಲ್ಲಿ ಕಡ್ಡಾಯ ಮಾಡಹೊರಟಾಗ ಸವಾರರೇ ಮುಷ್ಕರ ಹೂಡಿ ತಡೆದರು. ಸೆಕೆಗೆ ಆಗದು ಎಂಬುದು ಅವರ ವಾದ. ಕಜಾಕಸ್ತಾನದ ಆಂದ್ರೇ ಕಿವಿಲೆವ್ 2003ರಲ್ಲಿ ಪಂದ್ಯವೊಂದರಲ್ಲಿ ಬಿದ್ದು ಸತ್ತ ಬಳಿಕವೇ ಅದು ಕಡ್ಡಾಯವಾಯಿತು. ಆಗಲೂ ಒಂದು ವಿನಾಯಿತಿಯಿತ್ತು: ಬೆಟ್ಟದ ನೆತ್ತಿಯಲ್ಲೇ ಮುಗಿಯುವ ಪಂದ್ಯಗಳಲ್ಲಿ ಕೊನೆಯ ಚಡಾವಿಗೆ ಬಂದಾಗ ಅದನ್ನು ತೆಗೆದೆಸೆಯಬಹುದಿತ್ತು. ಯಾವುದು ಅಪಾಯ, ಯಾವುದು ಬರೀ ಶ್ರಮ ಎಂಬುದು ನಿಯಮ ಬರೆದವರಿಗೆ ತಿಳಿದೇ ಇತ್ತೆಂದಾಯಿತು. ಆ ವಿನಾಯಿತಿ ಈಗ ಇಲ್ಲ. ಸೈಕಲಿನ ನಡುಕೊಳವೆಯ ಮೇಲೆ ಕುಳಿತು ಎದೆಯನ್ನು ಹ್ಯಾಂಡಲಿಗೆ ಒತ್ತಿ ಇಳಿಯುವ ಭಂಗಿಯನ್ನೂ 2021ರಲ್ಲಿ ನಿಷೇಧಿಸಿದರು. ಆದರೆ ಎಲ್ಲ ಜಾಗ್ರತೆಯ ಮೇಲೂ 2023ರ ಜೂನ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಅಲ್ಬುಲಾ ಇಳಿಜಾರಿನಲ್ಲಿ 26 ವರ್ಷದ ಗೀನೊ ಮೇಡರ್ ಕಮರಿಗೆ ಬಿದ್ದು ಪ್ರಾಣ ಬಿಟ್ಟರು. ಅದು ಅವರ ಸ್ವಂತ ದೇಶದ ಪಂದ್ಯ.

ಇಷ್ಟು ದೂರದ ಸುದ್ದಿ ನಮಗೇಕೆ ಎನ್ನುವವರಿಗೆ ನೀಲಗಿರಿಯ ಕಲ್ಹಟ್ಟಿ ರಸ್ತೆಯನ್ನು ತೋರಿಸುತ್ತೇವೆ. ತಾಮರಶ್ಶೇರಿ ಚುರಂನ 9 ತಿರುವುಗಳಲ್ಲೇ ಬಸ್ಸಿನೊಳಗೆ ತಲೆ ತಿರುಗುವವರು ನಮ್ಮಲ್ಲಿದ್ದಾರೆ. ಫ್ರಾನ್ಸಿನ ಹೆಸರಾಂತ ಆಲ್ಪ್ ದ್ಯುಯೆಜ್ ಏರಿನಲ್ಲಿ 21. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿಯಲ್ಲಿ 36! ಬೆಂಗಳೂರಿನ ಸೈಕಲು ಪ್ರಿಯರು 2008ರಲ್ಲಿ ಆರಂಭಿಸಿದ ನೀಲಗಿರಿ ಪರ್ಯಟನೆಯಲ್ಲಿ ಈ ಚಡಾವನ್ನು ಏರಿದವರು ಊರಿಗೆ ಬಂದು ಹೇಳಿಕೊಳ್ಳುವುದು ಹತ್ತಿದ್ದರ ಬಗ್ಗೆ. ಆದರೆ 2018ರ ಭೀಕರ ಕಾರು ಅಪಘಾತದ ನಂತರ ಪೊಲೀಸರು ಹೊರಜಿಲ್ಲೆಯ ವಾಹನಗಳಿಗೆ ನಿರ್ಬಂಧ ವಿಧಿಸಿದ್ದು ಯಾವುದಕ್ಕೆ ಗೊತ್ತೆ? ಹತ್ತುವುದಕ್ಕಲ್ಲ, ಇಳಿಯುವುದಕ್ಕೆ.

ಈಗ ನಮ್ಮ ಊರುಗಳಲ್ಲೂ ಗೇರಿನ ಸೈಕಲು ಕೊಂಡು ಭಾನುವಾರ ಮುಂಜಾನೆ ಘಟ್ಟದ ಕಡೆ ಹೊರಡುವ ತರುಣರಿದ್ದಾರೆ. ಸಂತೋಷವೇ. ಗೇರಿನ ಲೆಕ್ಕಾಚಾರ ಅವರಿಗೆ ಬಾಯಿಪಾಠ. ಬ್ರೇಕಿನ ವಿಚಾರ ಕೇಳಿದರೆ ನಗುತ್ತಾರೆ. ಸೈಕಲೂ ಸವಾರನೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳೋಣ. ಸಾವಿರ ಮೀಟರು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲೀಟರು ತಣ್ಣೀರನ್ನು ಕುದಿಸಲು ಸಾಕು. ವೇಗವಾಗಿ ಹೋದರೆ ಅದರಲ್ಲಿ ಬಹುಪಾಲನ್ನು ಗಾಳಿ ತಿನ್ನುತ್ತದೆ. ಹೆದರಿಕೊಂಡು ಉದ್ದಕ್ಕೂ ಬ್ರೇಕು ಹಿಡಿದೇ ನಿಧಾನವಾಗಿ ಇಳಿದರೆ ಅಷ್ಟೂ ಬಿಸಿ ರಿಮ್ಮಿಗೇ. ರಿಮ್ಮು ಕಾದು ಟ್ಯೂಬು ಸಿಡಿಯುವುದು ಹೀಗೆ. ಪಂದ್ಯದ ಸೈಕಲುಗಳಿಗೆ 2018ರಿಂದ ಡಿಸ್ಕ್ ಬ್ರೇಕಿನ ಅನುಮತಿಯಿದೆ. ಅದರಲ್ಲಿ ರಿಮ್ಮಿಗೆ ಬಿಸಿ ತಾಗುವುದಿಲ್ಲ, ಆದರೆ ತಟ್ಟೆ ಕಾಯದೆ ಇರುವುದಿಲ್ಲ.

ನುರಿತವರು ಮಾಡುವುದು ಇಷ್ಟೆ. ನೇರ ದಾರಿಯಲ್ಲಿ ಬ್ರೇಕು ಬಿಟ್ಟು, ತಿರುವು ಬರುವ ಮೊದಲೇ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸುತ್ತಾರೆ. ತಿರುವಿನೊಳಗೆ ಬ್ರೇಕು ಮುಟ್ಟುವುದಿಲ್ಲ. ಹೊರಬದಿಯ ಪೆಡಲನ್ನು ಕೆಳಗೆ ಮಾಡಿ ಅದರ ಮೇಲೆ ಭಾರ ಹಾಕುತ್ತಾರೆ. ಕಣ್ಣು ಚಕ್ರದ ಮುಂದಿನ ಹೊಂಡದ ಮೇಲಲ್ಲ, ತಿರುವಿನ ಆಚೆ ತುದಿಯ ಮೇಲೆ. ನಮ್ಮ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಚನ್ನೂ ಅಡಿಕೆ ಸೋಗೆ ಬಿದ್ದ ಜಾಗವನ್ನೂ ದೂರದಿಂದಲೇ ನೋಡಿಕೊಳ್ಳಬೇಕು.

ಇನ್ನೊಂದು ಸಂಗತಿ, ಪತ್ರಿಕೆಯವರಾದ ನಮಗೆ ಬಹಳ ಹಿಡಿಸಿದ್ದು. ಏರುವಾಗ ಬೆವರಿ ತೊಯ್ದ ಅಂಗಿ ಇಳಿಯುವಾಗಿನ ಗಾಳಿಗೆ ಮಂಜಿನಂತೆ ತಣ್ಣಗಾಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯಲಾಗದು. ಅದಕ್ಕೆ ಪಿರೆನೀಸ್, ಆಲ್ಪ್ಸ್ ನೆತ್ತಿಗಳಲ್ಲಿ ನೋಡಲು ನಿಂತವರು ತಾವು ಓದಿ ಮುಗಿಸಿದ ಪತ್ರಿಕೆಯನ್ನು ಸವಾರರ ಕೈಗೆ ಚಾಚುವ ರೂಢಿ ಬೆಳೆಯಿತು. ಅವರು ಅದನ್ನು ಹಿಡಿದು, ಎರಡಾಗಿ ಮಡಚಿ, ಅಂಗಿಯೊಳಗೆ ಎದೆಯ ಮೇಲೆ ತುರುಕಿಕೊಂಡು ಕೆಳಕ್ಕೆ ಧುಮುಕುತ್ತಾರೆ.