ನಿಮಗಿದು ಗೊತ್ತೆ? ಆರು ತುಂಬದ ಪುಟಾಣಿಗೆ ಸಫಾರಿ ಗಾಡಿ ಇಲ್ಲ!

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಸ್ವಂತ ಕಾರಿನಲ್ಲಿ ಕೈಗೂಸನ್ನೂ ಕರೆದೊಯ್ಯಬಹುದು. ಆದರೆ ಉದ್ಯಾನದವರೇ ಓಡಿಸುವ ತೆರೆದ ಸಫಾರಿ ಗಾಡಿ ಹತ್ತಲು ಮಗುವಿಗೆ 6 ವರ್ಷ ತುಂಬಿರಬೇಕು. ಬಂದೂಕು ಹಿಡಿದ ಗೈಡ್ ಹಿಂದೆ ಕಾಡಿನಲ್ಲಿ ನಡೆಯಲು 12. ಪಕ್ಕದ ಸಾಬಿ ಸ್ಯಾಂಡ್ ವನ್ಯಧಾಮದ ಎಷ್ಟೋ ಖಾಸಗಿ ಲಾಡ್ಜ್‌ಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿದರೆ ಕೆಲವೆಡೆ ನಿಯಮ ಸಡಿಲವಾಗುತ್ತದೆ. ದುಡ್ಡಿದ್ದವರ ಮಕ್ಕಳು ಬೇಗ ದೊಡ್ಡವರಾಗುತ್ತಾರೇನೋ!

ಯಾಕೆ ಈ ನಿಯಮ? ಸುಮ್ಮನೆ ಕೂತವರಿರುವ ಗಾಡಿ ಸಿಂಹದ ಕಣ್ಣಿಗೆ ಒಂದೇ ದೊಡ್ಡ ಆಕಾರ ಎನ್ನುತ್ತಾರೆ ಗೈಡ್‌ಗಳು. ಮಗು ಸೀಟಿನ ಮೇಲೆ ಎದ್ದು ನಿಂತು ‘ಅಮ್ಮಾ, ಸಿಂಹ!’ ಎಂದು ಕಿರುಚಿತೋ, ಆ ಆಕಾರ ಒಡೆಯಿತು. ಬೇಲಿಯಿಲ್ಲದ ಲಾಡ್ಜ್‌ಗಳಲ್ಲಂತೂ ರಾತ್ರಿ ಊಟ ಮುಗಿಸಿ ಕೋಣೆಗೆ ಹೋಗುವ ದೊಡ್ಡವರಿಗೂ ಟಾರ್ಚ್ ಹಿಡಿದ ಕಾವಲುಗಾರ ಜೊತೆಗಿರಬೇಕು. ಮಲೇರಿಯಾ ಭಯ ಬೇರೆ. ಅದಕ್ಕೇ ಚಿಕ್ಕ ಮಕ್ಕಳಿರುವವರು ಮಲೇರಿಯಾ ಕಾಟವಿಲ್ಲದ ಮಡಿಕ್ವೆ, ಪಿಲಾನೆಸ್‌ಬರ್ಗ್ ವನ್ಯಧಾಮಗಳ ಕಡೆ ಹೊರಳುವುದುಂಟು.

ಉಗಾಂಡ, ರುವಾಂಡದಲ್ಲಿ ಗೊರಿಲ್ಲಾ ನೋಡಲು 15 ಆಗಿರಲೇಬೇಕು. ಇಲ್ಲಿ ಆತಂಕ ಗೊರಿಲ್ಲಾಗಳ ಬಗ್ಗೆಯೂ ಇದೆ: ಮನುಷ್ಯರ ನೆಗಡಿ-ಕೆಮ್ಮು ಅವುಗಳ ಪ್ರಾಣವನ್ನೇ ತೆಗೆಯಬಹುದು. ಮೂಗು ಸೋರುತ್ತಿದ್ದರೆ ದೊಡ್ಡವರಿಗೂ ಪ್ರವೇಶವಿಲ್ಲ.