ಶಾಲಾ ಕೈತೋಟ: ಕಲಿಕೆಗೂ ಚೇತರಿಕೆಗೂ

ತರಗತಿಯಲ್ಲಿ ಒಂದೆಡೆ ಕುಳಿತಿರಲಾರದ ಮಗುವೂ ಕೈತೋಟದಲ್ಲಿ ಮೈಮರೆತು ದುಡಿಯುವುದುಂಟು. ಈ ಅನುಭವಕ್ಕೆ ಸಂಶೋಧನೆಯ ಆಧಾರವೆಷ್ಟು ಎಂಬುದನ್ನು ಶಿಕ್ಷಕರು ಅರಿತಿರಬೇಕು.

1837ರಲ್ಲಿ ಜರ್ಮನಿಯಲ್ಲಿ ಶಿಶುಶಿಕ್ಷಣ ಸಂಸ್ಥೆಯೊಂದನ್ನು ತೆರೆದ ಫ್ರೆಡ್ರಿಕ್ ಫ್ರೋಬೆಲ್ ಅವರು 1840ರಲ್ಲಿ ಅದನ್ನು ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಸಿದರು. ಪ್ರತಿ ಮಗುವಿಗೂ ಸ್ವಂತದ್ದೊಂದು ಪಾತಿ, ಎಲ್ಲರಿಗೂ ಸೇರಿದ ಕೆಲವು ಪಾತಿಗಳು ಇರಬೇಕೆಂಬುದು ಅವರ ಯೋಜನೆ. ಮೊದಲನೆಯದರಿಂದ ಹೊಣೆಗಾರಿಕೆಯೂ ಎರಡನೆಯದರಿಂದ ಸಹಕಾರವೂ ಬೆಳೆಯುತ್ತವೆ.

ಅಮೆರಿಕದಲ್ಲಿ ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೊ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಧಾನದ ಕೊರತೆಯುಳ್ಳ 17 ಮಕ್ಕಳು ಉದ್ಯಾನದಲ್ಲಿ 20 ನಿಮಿಷ ನಡೆದ ಬಳಿಕ, ಪೇಟೆಯಲ್ಲಿ ಅಥವಾ ವಸತಿ ಬೀದಿಯಲ್ಲಿ ನಡೆದಾಗಿನದಕ್ಕಿಂತ ಹೆಚ್ಚಿನ ಏಕಾಗ್ರತೆ ತೋರಿದರು. ಇದು ತೋಟಗಾರಿಕೆಯ ಪ್ರಯೋಗವಲ್ಲ, ಮಕ್ಕಳ ಸಂಖ್ಯೆಯೂ ಅಲ್ಪ. ಆದರೂ ಹಸಿರಿನ ಪ್ರಭಾವದ ಸೂಚನೆ ಇಲ್ಲಿದೆ. ಟೆಕ್ಸಾಸ್ ರಾಜ್ಯದ 16 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಪ್ರಯೋಗದಲ್ಲಿ, ತೋಟದ ಕೆಲಸ ಹಾಗೂ ಅಡುಗೆಯ ಪಾಠ ಪಡೆದ ಮಕ್ಕಳು ಹೆಚ್ಚು ತರಕಾರಿ ತಿನ್ನತೊಡಗಿದರು. ದೇಹತೂಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಆದುದರಿಂದ ಕೈತೋಟವು ವೈದ್ಯರ ಚಿಕಿತ್ಸೆಗೆ ಪೂರಕವಾದೀತೇ ಹೊರತು ಬದಲಿಯಾಗದು. ಮಗು ತಾನೇ ಬಿತ್ತಬೇಕು, ನೀರುಣಿಸಬೇಕು, ಅವರೆಬಳ್ಳಿಯ ಉದ್ದವನ್ನು ವಾರಕ್ಕೊಮ್ಮೆ ಅಳೆಯಬೇಕು, ಕಂಡುದನ್ನು ಕನ್ನಡದಲ್ಲಿ ಬರೆದಿಡಬೇಕು. ಆಗ ಒಂದೇ ಬಳ್ಳಿ ವಿಜ್ಞಾನಕ್ಕೂ ಗಣಿತಕ್ಕೂ ಭಾಷೆಗೂ ಪಾಠವಾಗುತ್ತದೆ.

ತೋಟದ ಕೆಲಸವನ್ನು ಎಂದೂ ದಂಡನೆಯಾಗಿ ವಿಧಿಸಬಾರದು. ಗದ್ದಲ ಮಾಡಿತೆಂದು ಚಂಚಲ ಮಗುವನ್ನು ತೋಟದಿಂದ ಹೊರಗಿಡುವುದೂ ಸಲ್ಲದು. ಆ ಪಾತಿಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಆ ಮಗುವಿಗೇ.