ಬೋರಮಾಳದ ಒಳಗಿನ ಅರಗು

ಉತ್ತರ ಕರ್ನಾಟಕದಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದುಬರುವ ಬಂಗಾರದ ಒಡವೆಗಳಲ್ಲಿ ಬೋರಮಾಳವೂ ಒಂದಾಗಿದ್ದು, ಸಂಕ್ರಾಂತಿಯ ವೇಳೆಗೆ ಸಂತೆಗೆ ಬರುವ ಬೋರೆಹಣ್ಣಿನ, ಎಂದರೆ ಹಳೆ ಮೈಸೂರಿನವರ ಎಲಚಿಹಣ್ಣಿನ, ಆಕಾರದ ಗುಂಡುಗಳನ್ನು ಪೋಣಿಸಿ ಅದನ್ನು ಸಿದ್ಧಪಡಿಸಲಾಗುತ್ತದೆ. ಅವಲಕ್ಕಿ ಸರ, ಮಾವಿನಕಾಯಿ ಸರಗಳನ್ನೂ ಜೊತೆಗೆ ನೆನೆದರೆ, ‘ನಿಸರ್ಗಪ್ರೇರಿತ’ ಎಂದು ಜಾಹೀರಾತು ನೀಡುವ ಇಂದಿನ ಮಳಿಗೆಗಳಿಗಿಂತ ಬಹಳ ಮೊದಲೇ ಅಕ್ಕಸಾಲಿಗರು ಯಾವ ಸದ್ದುಗದ್ದಲವೂ ಇಲ್ಲದೆ ಹೊಲ, ತೋಟ, ಅಡುಗೆಮನೆಗಳನ್ನು ಕೊರಳಿಗೇರಿಸಿದ್ದರೆಂಬುದು ತಿಳಿಯುತ್ತದೆ. ಅವರು ಚಿನ್ನ ತೂಗುತ್ತಿದ್ದುದೂ ಗುಲಗಂಜಿ ಬೀಜದಿಂದಲೇ.

ನೋಡುವವರಿಗೆ ಗಟ್ಟಿಯಾಗಿ ಕಾಣುವ ಈ ಗುಂಡಿನ ಚಿನ್ನ ಬರೀ ಸಿಪ್ಪೆಯಷ್ಟು. ತೆಳುವಾದ ತಗಡನ್ನು ಕುಳಿಗಳಿರುವ ಅಚ್ಚಿನ ಮೇಲಿಟ್ಟು ಬಡಿದು ಅರೆಗೋಳಗಳನ್ನು ಮಾಡಿ, ಎರಡೆರಡನ್ನು ಕೂಡಿಸಿ, ಬೆಸುಗೆ ಸಲೀಸಾಗಿ ಹರಿಯಲು ನೆರವಾಗುವ ಬಿಳಿಗಾರವನ್ನು ಸವರಿ, ಊದುಗೊಳವೆಯಿಂದ ಉರಿಯನ್ನು ಅಂಚಿಗಷ್ಟೇ ತಾಗಿಸಲಾಗುತ್ತದೆ. ಹಾಗೆಯೇ ಬಿಟ್ಟರೆ ಬೆರಳೊತ್ತಿಗೇ ತಗ್ಗು ಬೀಳುವುದರಿಂದ ಒಳಗೆ ಕಾಯಿಸಿದ ಅರಗನ್ನು ತುಂಬಿ, ಬಿಸಿ ಸೂಜಿಯಿಂದ ದಾರಕ್ಕೆ ದಾರಿ ಮಾಡಲಾಗುತ್ತದೆ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕಾದರೆ ಅರಗು 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ, ಸೀಳಿದ ಗುಂಡನ್ನು ಮತ್ತೆ ಬೆಸೆಯಬೇಕಾದರೆ ಒಳಗಿನದನ್ನೆಲ್ಲ ಮೊದಲು ಹೊರತೆಗೆಯಬೇಕು. ಬಾಯಿ ಬಿರಿದ ಹಳೆಯ ಗುಂಡೊಂದನ್ನು ಬೆಳಕಿಗೆ ಹಿಡಿದರೆ ಹೊಳಪಿನ ಹಿಂದೆ ಕಂದುಗೆಂಪು ತಿರುಳು ಕಾಣುತ್ತದೆ.

ಈ ತಿರುಳಿನ ಹುಟ್ಟು ಒಡವೆಗಿಂತಲೂ ಸ್ವಾರಸ್ಯಕರವಾದುದು. ಅರಗೆಂದೊಡನೆ ಪಾಂಡವರ ಅರಗಿನ ಮನೆಯೇ ನೆನಪಿಗೆ ಬರುವ ಕನ್ನಡಿಗರಿಗೆ ಅದು ಒಂದು ಕೀಟದ ಮೈಯಿಂದ ಒಸರುವ ಅಂಟೆಂಬುದು ಮರೆತೇಹೋಗಿರುತ್ತದೆ. ಸಾಸಿವೆಗಿಂತ ಚಿಕ್ಕದಾದ ಮರಿಗಳು ಎಳೆಯ ಕೊಂಬೆಗೆ ಒತ್ತೊತ್ತಾಗಿ ಕಚ್ಚಿಕೊಂಡು ರಸ ಹೀರುತ್ತ, ತಮ್ಮ ಅಂಟನ್ನೇ ಚಿಪ್ಪಾಗಿ ಹೊದೆಯುತ್ತವೆ. ಹೆಣ್ಣುಹುಳು ಆ ಚಿಪ್ಪಿನಿಂದ ಮತ್ತೆ ಹೊರಬರದೆ ಅಲ್ಲಿಯೇ ಮೊಟ್ಟೆಯಿಟ್ಟು ಸಾಯುತ್ತದೆ. ಕೊಂಬೆಯಿಂದ ಕೆರೆದ ಆ ಹೆಪ್ಪನ್ನು ತೊಳೆದು ಕರಗಿಸಿ ಸೋಸಿದಾಗ ಅರಗು ದೊರೆಯುತ್ತದೆ. ಈ ಹುಳು ಹೆಚ್ಚಾಗಿ ನೆಲೆಸುವ ಮರಗಳಾದರೋ ಮುತ್ತುಗ, ಕುಸುಮ ಮತ್ತು ಬೋರೆ! ಬೋರೆಹಣ್ಣಿನ ಆಕಾರದ ಗುಂಡಿನೊಳಗೆ ಬೋರೆಮರದ ರಸ ಕುಡಿದ ಹುಳುವಿನ ಅಂಟೇ ಇರಬಹುದೆಂಬುದನ್ನು ಯೋಚಿಸಿ ಯಾರೂ ಈ ಒಡವೆಯನ್ನು ರೂಪಿಸಿರಲಾರರು; ಆದರೂ ಇಷ್ಟು ಸೊಗಸಾದ ಕಾಕತಾಳೀಯವನ್ನು ಸುಮ್ಮನೆ ಬಿಟ್ಟುಕೊಡಲು ಮನಸ್ಸೊಪ್ಪುವುದಿಲ್ಲ. ಜಾರ್ಖಂಡ್ ಇಂದಿಗೂ ಅರಗಿನ ಮುಖ್ಯ ನೆಲೆಯಾಗಿದ್ದು, ರಾಂಚಿಯ ಬಳಿ ಅದಕ್ಕೆಂದೇ ಸಂಶೋಧನಾ ಸಂಸ್ಥೆಯೊಂದು 1924ರಲ್ಲೇ ಆರಂಭವಾಯಿತು.

ಬೋರಮಾಳದ ಮೇಲಿನ ಅನುಮಾನಕ್ಕೂ ಅರಗೇ ಕಾರಣ. ಅಕ್ಕಸಾಲಿಗರು ಟೊಳ್ಳು ಒಡವೆಗಳಲ್ಲಿ ಅನ್ಯ ವಸ್ತು ಸೇರಿಸಿ ವಂಚಿಸುವ ಬಗೆಗಳನ್ನು ಕೌಟಿಲ್ಯನ ಅರ್ಥಶಾಸ್ತ್ರವೇ ಎಣಿಸಿಕೊಟ್ಟಿರುವಾಗ, ಗಿರವಿ ಅಂಗಡಿಯ ತಕ್ಕಡಿಯ ಮುಂದೆ ಅರಗಿಗೆಂದು ಎಷ್ಟು ತೂಕ ಕಳೆಯಬೇಕೆಂಬ ಚೌಕಾಸಿ ನಡೆಯುವುದು ಸಹಜವೇ. ಅರಗು ತುಂಬುವುದನ್ನು ಮೋಸವೆಂದು ಕರೆಯುವುದು ಮಾತ್ರ ಅನ್ಯಾಯ, ಏಕೆಂದರೆ ಕಡಿಮೆ ಚಿನ್ನದಲ್ಲಿ ಕೊರಳು ತುಂಬುವ ಒಡವೆ ಸಾಮಾನ್ಯ ಒಕ್ಕಲು ಮನೆಯ ಕೈಗೂ ಎಟುಕಿದ್ದು ಅದರಿಂದಲೇ. ದಾರ ಸವೆದ ಸರವನ್ನು ರೇಷ್ಮೆ ಎಳೆಯಲ್ಲಿ ಮರಳಿ ಪೋಣಿಸಿಕೊಡುತ್ತಿದ್ದವರು ಪಟವೇಗಾರರು. ಅವರ ಬದಲು ತಂತಿಯಲ್ಲಿ ಬಿಗಿದುಕೊಡುವ ಅಂಗಡಿಗಳೂ ಈಗ ಇವೆಯಾದರೂ, ತಗಡಿನ ತೆಳು ಬಾಯಿಗೆ ರೇಷ್ಮೆಯೇ ಹಿತ.